ಲೀಟರಿನ ಲೆಕ್ಕ: ಹರಿಗೋಲಿನಿಂದ ಹಾರುವ ಹಲಗೆಯವರೆಗೆ

ಹೊನ್ನಾಳಿ ಸೀಮೆಯಲ್ಲಿ ತುಂಗಭದ್ರೆಯನ್ನು ಹರಿಗೋಲಿನಲ್ಲಿ ದಾಟಿದವರಿಗೆ ಅಂಬಿಗನ ಲೆಕ್ಕ ಗೊತ್ತು. ದಡಕ್ಕೆ ಬಂದವರನ್ನು ಒಮ್ಮೆ ಕಣ್ಣಲ್ಲೇ ಅಳೆದು, ಭಾರದ ಮೂಟೆ ನಡುವಿಗೆ, ಮಕ್ಕಳು ತಾಯಂದಿರ ಮಡಿಲಿಗೆ, ಗಟ್ಟಿ ಆಳುಗಳು ಎದುರುಬದುರಿಗೆ ಎಂದು ಕೂರಿಸುತ್ತಿದ್ದ. ಬಿದಿರಿನ ಅಂಚು ನೀರಿನಿಂದ ಎಷ್ಟು ಮೇಲಿದೆ ಎಂದು ನೋಡಿಕೊಂಡ ಮೇಲೆಯೇ ಹುಟ್ಟು ಹಾಕುತ್ತಿದ್ದ. 16ನೇ ಶತಮಾನದಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಇದೇ ಹೊಳೆಯ ಕೆಳಭಾಗದಲ್ಲಿ, ಆನೆಗುಂದಿಯ ಬಳಿ, ಬುಟ್ಟಿಯಂಥ ದುಂಡು ದೋಣಿಗಳನ್ನು ಕಂಡು ಬರೆದಿದ್ದಾನೆ. ಒಳಗೆ ಬೆತ್ತ, ಹೊರಗೆ ತೊಗಲು; ಹದಿನೈದಿಪ್ಪತ್ತು ಜನ, ಬೇಕಾದರೆ ಕುದುರೆ ಎತ್ತುಗಳನ್ನೂ ದಾಟಿಸುತ್ತಿದ್ದವಂತೆ. ಎಷ್ಟು ಭಾರಕ್ಕೆ ಎಷ್ಟು ದೊಡ್ಡ ಬುಟ್ಟಿ ಎಂಬ ವಿದ್ಯೆ ನಮ್ಮ ಹೊಳೆಯ ದಂಡೆಗೆ ಹಳೆಯದು.

ನ್ಯಾಮತಿಯಲ್ಲಿ ಕೂತು ವಿಂಗ್ ಫಾಯಿಲಿಂಗ್ ಬಗ್ಗೆ ಬರೆಯುವಾಗ ನನಗೆ ಮೊದಲು ನೆನಪಾಗುವುದು ಈ ಲೆಕ್ಕವೇ. ಈ ಆಟಕ್ಕೆ ಕನ್ನಡದಲ್ಲಿ ಇನ್ನೂ ಹೆಸರು ನೆಲೆಗೊಂಡಿಲ್ಲ. ಆಟಗಾರ ಗಾಳಿ ತುಂಬಿದ ರೆಕ್ಕೆಯೊಂದನ್ನು ಕೈಯಲ್ಲಿ ಹಿಡಿದು ಹಲಗೆಯ ಮೇಲೆ ನಿಲ್ಲುತ್ತಾನೆ. ಹಲಗೆಯ ಅಡಿಗೆ ಮುಕ್ಕಾಲು ಮೀಟರಿನಷ್ಟು ಉದ್ದದ ಕಂಬ, ಅದರ ತುದಿಗೆ ವಿಮಾನದ ರೆಕ್ಕೆಯಂಥ ಫಾಯಿಲ್. ವೇಗ ಬಂದಾಗ ಫಾಯಿಲ್ ಇಡೀ ಹಲಗೆಯನ್ನು ನೀರಿನಿಂದ ಮೇಲೆತ್ತುತ್ತದೆ. ಆಮೇಲೆ ಹಲಗೆ ನೀರನ್ನು ಮುಟ್ಟುವುದೇ ಇಲ್ಲ. ಹಾಗಿದ್ದರೆ ಹಲಗೆ ಎಷ್ಟು ದೊಡ್ಡದಿರಬೇಕೆಂಬ ಪ್ರಶ್ನೆ ಯಾಕೆ ಇಷ್ಟು ಕಾಡುತ್ತದೆ? ಉತ್ತರ ಸಿಗಬೇಕಾದರೆ ಈ ಆಟದ ಹಿರೀಕರನ್ನು ನೋಡಬೇಕು.

ಹವಾಯಿ ದ್ವೀಪದ ಡ್ಯೂಕ್ ಕಹಾನಮೊಕು 1930ರ ಸುಮಾರಿಗೆ ಅಲೆಯ ಮೇಲೆ ಜಾರಲು, ಅಂದರೆ ಸರ್ಫಿಂಗಿಗೆ, ಬಳಸುತ್ತಿದ್ದ ಮರದ ಹಲಗೆ 16 ಅಡಿ ಉದ್ದ, 50 ಕಿಲೋಗಿಂತ ಹೆಚ್ಚು ತೂಕ. ಎರಡನೇ ಮಹಾಯುದ್ಧದ ನಂತರ ಬಾಲ್ಸಾ ಮರ, ಫೈಬರ್‌ಗ್ಲಾಸ್, 1950ರ ದಶಕದ ಕೊನೆಗೆ ಪಾಲಿಯುರೆಥೇನ್ ಫೋಮ್ ಬಂದು ತೂಕ ಇಳಿಯಿತು. 1967ರ ಸುಮಾರಿಗೆ ಆಸ್ಟ್ರೇಲಿಯದ ಬಾಬ್ ಮ್ಯಾಕ್‌ಟ್ಯಾವಿಶ್, ನ್ಯಾಟ್ ಯಂಗ್ ಮೊದಲಾದವರು ಹಲಗೆಯನ್ನು ಮೊಟಕುಗೊಳಿಸಿದರು. ಒಂಬತ್ತು ಹತ್ತು ಅಡಿಯ ಹಲಗೆ ಎರಡು ಮೂರು ವರ್ಷಗಳಲ್ಲೇ ಏಳು ಅಡಿಯ ಆಸುಪಾಸಿಗೆ ಬಂತು. ಅಲೆಯ ಮೇಲೆ ಗಕ್ಕನೆ ತಿರುಗುವುದು ಸಾಧ್ಯವಾಯಿತು, ಆದರೆ ಅಲೆ ಹಿಡಿಯುವುದು ಕಷ್ಟವಾಯಿತು. ಮುಂದೆ ಉದ್ದ ಹಲಗೆ ಗೌರವದಿಂದ ಮರಳಿ ಬಂತು. ಕಿರಿದಾಗುವುದನ್ನೇ ಪ್ರಗತಿ ಎಂದುಕೊಂಡವರಿಗೆ ಅದು ಮೊದಲ ಪಾಠ.

ಗಾಳಿಹಾಯಿ ಹಲಗೆಯ, ಅಂದರೆ ವಿಂಡ್‌ಸರ್ಫಿಂಗಿನ ಕಥೆಯೂ ಇದೇ ದಾರಿಯದು. 1968ರಲ್ಲಿ ಜಿಮ್ ಡ್ರೇಕ್ ಮತ್ತು ಹಾಯ್ಲ್ ಶ್ವೈಟ್ಸರ್ ಪೇಟೆಂಟಿಗೆ ಅರ್ಜಿ ಹಾಕಿದಾಗ ಹಲಗೆ 12 ಅಡಿಯದು. 1984ರಲ್ಲಿ ಅದು ಒಲಿಂಪಿಕ್ಸ್ ಸೇರಿತು. ಅದೇ ದಶಕದಲ್ಲಿ ನಿಂತರೆ ಮುಳುಗುವ, ಓಡಿದರೆ ಮಾತ್ರ ತೇಲುವ ಪುಟ್ಟ ಹಲಗೆಗಳ ಗೀಳು ಹತ್ತಿತು. ಜೋರು ಗಾಳಿಯ ಊರಿನವರಿಗೆ ಅವು ಒಗ್ಗಿದವು. ಸಾಧಾರಣ ಗಾಳಿಯ ಕೆರೆಗಳಲ್ಲಿ ಕಲಿಯುವವರಿಗೆ ಅವುಗಳಿಂದ ಪ್ರಯೋಜನ ಇರಲಿಲ್ಲ.

ಫಾಯಿಲ್ ಇವೆಲ್ಲಕ್ಕಿಂತ ಹಳೆಯದು. ಇಟಲಿಯ ಎನ್ರಿಕೊ ಫೋರ್ಲಾನಿನಿ 1906ರಲ್ಲಿ ಮಜ್ಜೋರೆ ಸರೋವರದ ಮೇಲೆ ಫಾಯಿಲ್ ಕಟ್ಟಿದ ದೋಣಿಯನ್ನು ಎಬ್ಬಿಸಿ ಓಡಿಸಿದ. ಟೆಲಿಫೋನಿನ ಗ್ರಹಾಂ ಬೆಲ್ ತಂಡದ ಎಚ್‌ಡಿ-4 ಎಂಬ ದೋಣಿ 1919ರಲ್ಲಿ ಗಂಟೆಗೆ 114 ಕಿಲೋಮೀಟರ್ ವೇಗ ಮುಟ್ಟಿತು. ಫಾಯಿಲ್ ಅಲೆಯ ಹಲಗೆಗೆ ಬಂದದ್ದು ಲೇರ್ಡ್ ಹ್ಯಾಮಿಲ್ಟನ್ ಮತ್ತು ಗೆಳೆಯರ ಪ್ರಯೋಗಗಳಿಂದ. 2016ರ ಹೊತ್ತಿಗೆ ಕಾಯ್ ಲೆನ್ನಿ ಮಾವಿ ದ್ವೀಪದ ಬಳಿ ನಡುಸಮುದ್ರದ ಉಬ್ಬುಗಳ ಮೇಲೆ ಹಾಯಿಯಿಲ್ಲದೆ ಹಾರುತ್ತ ಸಾಗಿದ ದೃಶ್ಯಗಳು ಲೋಕವೆಲ್ಲ ಹರಡಿದವು. ಕೈಯಲ್ಲಿ ಹಿಡಿಯುವ ಗಾಳಿ ತುಂಬಿದ ರೆಕ್ಕೆಯನ್ನು ಕೆನ್ ವಿನ್ನರ್ ಮೊದಲಾದವರು ಹದಕ್ಕೆ ತಂದರು. 2019ರಲ್ಲಿ ಡ್ಯುಯೊಟೋನ್, ನೈಶ್, ಸ್ಲಿಂಗ್‌ಶಾಟ್ ಕಂಪನಿಗಳ ರೆಕ್ಕೆಗಳು ಮಾರುಕಟ್ಟೆಗೆ ಬಂದವು. ವಿಂಗ್ ಫಾಯಿಲಿಂಗಿನ ನಿಜವಾದ ವಯಸ್ಸು ಅಷ್ಟೇ. 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಇದು ಇರಲಿಲ್ಲ. ಆದರೆ ಫಾಯಿಲ್ ಕಟ್ಟಿದ ವಿಂಡ್‌ಸರ್ಫಿಂಗ್ ಮತ್ತು ಗಾಳಿಪಟ ಎಳೆಯುವ ಕೈಟ್ ಹಲಗೆ, ಎರಡರ ಸ್ಪರ್ಧೆಗಳೂ ಮಾರ್ಸೇಯ ಕಡಲಿನಲ್ಲಿ ನಡೆದವು.

ಈ ಕೆಲವೇ ವರ್ಷಗಳಲ್ಲಿ ಹಲಗೆಯ ಅಳತೆ ಎರಡು ಬಾರಿ ಮಗ್ಗುಲು ಬದಲಿಸಿದೆ. ಮೊದಲು ಕೈಗೆ ಸಿಕ್ಕಿದ, ನಿಂತು ಹುಟ್ಟು ಹಾಕುವ ದೊಡ್ಡ ಪ್ಯಾಡಲ್ ಬೋರ್ಡುಗಳಿಗೇ ಫಾಯಿಲ್ ಜೋಡಿಸಿದರು. ಬಳಿಕ ಐದು ಅಡಿಯ ಆಸುಪಾಸಿನ, ಗಿಡ್ಡ ಅಗಲ ಹಲಗೆಗಳು ಬಂದವು. 2022ರ ಈಚೆಗೆ ಉದ್ದವಾಗಿ ಸಪೂರವಾಗಿರುವ, ಅಂದರೆ ಏಳು ಅಡಿ ಉದ್ದ ಇಪ್ಪತ್ತು ಇಂಚು ಅಗಲದಂಥ ಹಲಗೆಗಳು ಮೆಚ್ಚುಗೆ ಗಳಿಸಿವೆ. ಹರಿಗೋಲನ್ನೂ ಉದ್ದ ದೋಣಿಯನ್ನೂ ನೋಡಿದವರಿಗೆ ಕಾರಣ ಬಿಡಿಸಿ ಹೇಳಬೇಕಿಲ್ಲ. ದುಂಡು ಹರಿಗೋಲು ಎತ್ತ ವಾಲಿದರೂ ತಡೆದುಕೊಳ್ಳುತ್ತದೆ, ಆದರೆ ನೆಟ್ಟಗೆ ಹೋಗದೆ ಗಿರಗಿರ ತಿರುಗುತ್ತದೆ. ಉದ್ದ ದೋಣಿ ಅಲೆಯೆಬ್ಬಿಸಿ ಶಕ್ತಿ ಕಳೆಯುವುದು ಕಡಿಮೆ, ಬೇಗ ವೇಗ ಹಿಡಿಯುತ್ತದೆ. ಫಾಯಿಲಿಗೆ ಬೇಕಾದದ್ದೂ ಆ ಮೊದಲ ವೇಗವೇ. ಆದರೆ ಸಪೂರ ಹಲಗೆ ಪಕ್ಕಕ್ಕೆ ಮಗುಚುತ್ತದೆ. ಒಂದೇ ಉದ್ದದ ಎರಡು ಹಲಗೆಗಳಲ್ಲಿ ಒಂದು 24 ಇಂಚು, ಇನ್ನೊಂದು 30 ಇಂಚು ಅಗಲವಿದ್ದರೆ, ಪಕ್ಕಕ್ಕೆ ವಾಲುವುದನ್ನು ತಡೆಯುವ ಬಲ ಎರಡನೆಯದರಲ್ಲಿ ಸುಮಾರು ಇಮ್ಮಡಿ. ಆ ಬಲ ಅಗಲದ ಘನದ ಪ್ರಮಾಣದಲ್ಲಿ ಬೆಳೆಯುತ್ತದೆ. ಕೇವಲ ಲೀಟರ್ ನೋಡಿ ಹಲಗೆ ಆರಿಸುವವರು ಎಡವುವುದು ಇಲ್ಲೇ.

ಇನ್ನು ಆ ಲೀಟರಿನ, ಅಂದರೆ ಹಲಗೆಯ ಗಾತ್ರದ, ವಿಷಯ. ಒಂದು ಲೀಟರ್ ಸಿಹಿನೀರು ಒಂದು ಕಿಲೋ ತೂಗುತ್ತದೆ. ಹಲಗೆ ಪೂರ್ತಿ ಮುಳುಗಿದಾಗ ಎಷ್ಟು ಲೀಟರ್ ನೀರನ್ನು ಸರಿಸುತ್ತದೋ ಅಷ್ಟು ಕಿಲೋ ಹೊರುತ್ತದೆ. 65 ಕಿಲೋ ತೂಕದ ಹುಡುಗನಿಗೆ 65 ಲೀಟರಿನ ಹಲಗೆ ಸಾಕು ಎಂದು ಎಣಿಸುವುದು ಸಹಜ. ಆದರೆ ಹಲಗೆ ತಾನೇ ಆರೇಳು ಕಿಲೋ ಇರುತ್ತದೆ, ಫಾಯಿಲ್ ಮತ್ತು ಕಂಬ ನಾಲ್ಕೈದು ಕಿಲೋ, ರೆಕ್ಕೆ, ಲೈಫ್ ಜಾಕೆಟ್, ಒದ್ದೆ ಬಟ್ಟೆ ಎಲ್ಲ ಸೇರಿ ಸುಮಾರು 15 ಕಿಲೋ ಹೆಚ್ಚಾಗುತ್ತದೆ. ಅವನು ನೀರಿನ ಮಟ್ಟದಲ್ಲಿ ನಿಲ್ಲಲಿಕ್ಕೇ 80 ಲೀಟರ್ ಬೇಕು. ಕಲಿಯುವವನಿಗೆ ಅಂಚು ಅಂಬಿಗ ನೋಡುತ್ತಿದ್ದಂತೆ ನೀರಿನಿಂದ ಮೇಲೆಯೇ ಇರಬೇಕು. ಅದಕ್ಕೇ ಮೊದಲ ಹಲಗೆಗೆ ಮೈತೂಕಕ್ಕಿಂತ 30ರಿಂದ 40 ಲೀಟರ್ ಹೆಚ್ಚು ಎಂಬ ಲೆಕ್ಕ ತರಬೇತುದಾರರಲ್ಲಿ ರೂಢಿಯಾಗಿದೆ. 65 ಕಿಲೋದವನಿಗೆ ಸುಮಾರು 100 ಲೀಟರ್, ಅಗಲ 28 ಇಂಚಿಗೆ ಕಡಿಮೆಯಿಲ್ಲದಂತೆ.

ಗಾಳಿಯಲ್ಲಿ ಏಳುವುದು, ಎದ್ದ ಮೇಲೆ ಅರ್ಧ ಕಿಲೋಮೀಟರ್ ನಿಲ್ಲದೆ ಹಾರುವುದು, ಬೀಳದೆ ದಿಕ್ಕು ತಿರುಗಿಸುವುದು ಸಲೀಸಾದ ಮೇಲೆ ಎರಡನೇ ಹಲಗೆಯ ಮಾತು. ಆಗ ಮೈತೂಕದಷ್ಟೇ ಲೀಟರ್, ಇಲ್ಲವೇ ಅದಕ್ಕಿಂತ 10-15 ಲೀಟರ್ ಹೆಚ್ಚು. ಮೂರನೆಯದು ಮೈತೂಕಕ್ಕಿಂತ ಕಡಿಮೆ ಲೀಟರಿನ ಮುಳುಗು ಹಲಗೆ. ಅದರ ಮೇಲೆ ನೀರೊಳಗೇ ಮಂಡಿಯೂರಿ, ರೆಕ್ಕೆಯ ಬಲದಿಂದ ಮೈಯನ್ನು ಎಳೆಸಿಕೊಂಡು ಎದ್ದೇಳಬೇಕು. ನೆಗೆತ, ಸುತ್ತು, ದೊಡ್ಡ ಅಲೆ ಇವುಗಳಿಗೆ ಅದು ಬೇಕು. ಎಲ್ಲರೂ ಅಲ್ಲಿಗೆ ಹೋಗಲೇಬೇಕೆಂದೇನೂ ಇಲ್ಲ.

ಹಾರುವಾಗ ಭಾರ ಹೊರುವುದು ಹಲಗೆಯಲ್ಲ, ಫಾಯಿಲ್. ನೀರು ಗಾಳಿಗಿಂತ ಸುಮಾರು 800 ಪಟ್ಟು ದಟ್ಟವಾದ್ದರಿಂದ ಎರಡು ಅಂಗೈಯಗಲದ ಫಾಯಿಲಿಗೂ ಅಲ್ಲಿ ಆನೆಬಲ. 1,500 ಚದರ ಸೆಂಟಿಮೀಟರ್ ಫಾಯಿಲ್ ಗಂಟೆಗೆ 18 ಕಿಲೋಮೀಟರ್ ವೇಗದಲ್ಲಿ ಸುಮಾರು 80 ಕಿಲೋ ಎತ್ತಬಲ್ಲದು, ಅಂದರೆ ನಮ್ಮ 65 ಕಿಲೋದ ಹುಡುಗನನ್ನು ಅವನ ಸಾಮಾನುಗಳ ಸಮೇತ. ವೇಗ ಇಮ್ಮಡಿಯಾದರೆ ಎತ್ತುವ ಬಲ ನಾಲ್ಮಡಿ. ಹಲಗೆಯ ಕೆಲಸ ಆ 18 ಕಿಲೋಮೀಟರ್ ವೇಗದವರೆಗೆ ಮುಟ್ಟಿಸುವುದು, ಬಿದ್ದಾಗ ಮತ್ತೆ ಹತ್ತಿಸಿಕೊಳ್ಳುವುದು, ಗಾಳಿ ಸತ್ತಾಗ ದಡ ಸೇರಿಸುವುದು. ಕಲಿಯುವವನ ದಿನದ ಬಹುಪಾಲು ಕಳೆಯುವುದು ಈ ಮೂರರಲ್ಲೇ. ದೊಡ್ಡ ಹಲಗೆಯವನು ಒಂದು ಗಂಟೆಯಲ್ಲಿ ಹತ್ತಾರು ಸಲ ಎದ್ದು ನೋಡಬಹುದು. ಅವಸರಪಟ್ಟು ಚಿಕ್ಕದನ್ನು ಕೊಂಡವನ ತೋಳು ನಾಲ್ಕೈದು ಯತ್ನಕ್ಕೇ ಸೋಲುತ್ತದೆ. ಚಿಕ್ಕ ಹಲಗೆಯಿಂದ ಬೇಗ ಕಲಿಯಬಹುದೆಂಬುದು ಶುದ್ಧ ತಪ್ಪು ಎಂದೇ ನನ್ನ ಅಭಿಪ್ರಾಯ.

ಕರ್ನಾಟಕದ ಕರಾವಳಿ ಈ ಪಾಠವನ್ನು ಅಲೆಯ ಹಲಗೆಯಲ್ಲಿ ಆಗಲೇ ಕಲಿತಿದೆ. ಮೂಲ್ಕಿಯಲ್ಲಿ 2004ರಲ್ಲಿ ಜ್ಯಾಕ್ ಹೆಬ್ನರ್ ಕಟ್ಟಿದ ಮಂತ್ರ ಸರ್ಫ್ ಕ್ಲಬ್ಬು ದೇಶದ ಮೊದಲ ಸರ್ಫಿಂಗ್ ಕೂಟಗಳಲ್ಲಿ ಒಂದು. ಶಾಂಭವಿ, ನಂದಿನಿ ನದಿಗಳು ಕಡಲು ಸೇರುವ ಆ ಅಳಿವೆಯಲ್ಲಿ ಅಲೆಯೂ ಉಂಟು, ತಿಳಿನೀರೂ ಉಂಟು. ತನ್ವಿ ಜಗದೀಶ್ ನಿಂತು ಹುಟ್ಟು ಹಾಕುವ ಪ್ಯಾಡಲ್ ಆಟದಲ್ಲಿ ಹೆಸರು ಮಾಡಿದ್ದು ಈ ಕರಾವಳಿಯಿಂದಲೇ. ಪಕ್ಕದ ಸಸಿಹಿತ್ಲು ಕಡಲತೀರ 2016ರಲ್ಲಿ ಇಂಡಿಯನ್ ಓಪನ್ ಸರ್ಫಿಂಗಿಗೂ 2024ರಲ್ಲಿ ಅಂತಾರಾಷ್ಟ್ರೀಯ ಪ್ಯಾಡಲ್ ಸ್ಪರ್ಧೆಗೂ ತಾಣವಾಯಿತು. ಸರ್ಫಿಂಗ್ ಶಾಲೆಗಳಲ್ಲಿ ಹೊಸಬರ ಕೈಗೆ ಮೊದಲು ಸಿಗುವುದು ಎಂಟೊಂಬತ್ತು ಅಡಿಯ ಮೆತ್ತನೆ ಹಲಗೆ. ಯಾರೂ ಅದನ್ನು ನಾಚಿಕೆಯೆಂದು ತಿಳಿಯುವುದಿಲ್ಲ. ವಿಂಗ್ ಫಾಯಿಲಿಂಗಿಗೂ ಆ ಶಿಸ್ತೇ ಬೇಕು. ಬೇಸಿಗೆಯ ಮಧ್ಯಾಹ್ನ ಏಳುವ ಕಡಲಗಾಳಿ ಹದವಾದದ್ದು; ಮಳೆಗಾಲದ ಕಡಲು ಕಲಿಯುವವರದಲ್ಲ.

ನಮ್ಮ ಒಳನಾಡಿಗೆ ಬಂದರೆ ಲೆಕ್ಕ ಸ್ವಲ್ಪ ಬದಲಾಗುತ್ತದೆ. ಸಾಗರ ತಾಲ್ಲೂಕಿನ ಹೊನ್ನೆಮರಡುವಿನಲ್ಲಿ, 1964ರ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಿನಲ್ಲಿ, ಹರಿಗೋಲು, ಕಯಾಕ್, ವಿಂಡ್‌ಸರ್ಫಿಂಗ್ ಕಲಿಸುವ ಪರಂಪರೆ ಇದೆ. ಚನ್ನಗಿರಿ ತಾಲ್ಲೂಕಿನ ಸೂಳೆಕೆರೆ, ಈಗಿನ ಶಾಂತಿಸಾಗರ, ಎರಡು ಗುಡ್ಡಗಳ ನಡುವೆ ಏರಿ ಕಟ್ಟಿ ನಿಲ್ಲಿಸಿದ ಸುಮಾರು 6,500 ಎಕರೆಯ ನೀರು. ಆಷಾಢದಲ್ಲಿ ನಮ್ಮ ಹುಡುಗರು ಗಾಳಿಪಟ ಹಾರಿಸುವ ಅದೇ ಪಡುವಣ ಗಾಳಿ ಆ ನೀರಿನ ಮೇಲೂ ಬೀಸುತ್ತದೆ. ಇಂಥ ಕಡೆ ಆಡುವವರು ಗಮನಿಸಬೇಕಾದ ವಿಷಯಗಳು ಮೂರು. ಸಮುದ್ರದ ಉಪ್ಪುನೀರಿಗಿಂತ ಕೆರೆಯ ನೀರು ಶೇ 2.5ರಷ್ಟು ಹಗುರ. 100 ಲೀಟರಿನ ಹಲಗೆ ಕಡಲಿನಲ್ಲಿ ಹೊರುವುದಕ್ಕಿಂತ ಇಲ್ಲಿ ಎರಡೂವರೆ ಕಿಲೋ ಕಡಿಮೆ ಹೊರುತ್ತದೆ. ನಮ್ಮ ಸೀಮೆ ಸಮುದ್ರಮಟ್ಟಕ್ಕಿಂತ ಸುಮಾರು 600 ಮೀಟರ್ ಎತ್ತರ. ಇಲ್ಲಿ ಗಾಳಿಯ ಸಾಂದ್ರತೆ ಶೇ 5-6ರಷ್ಟು ಕಡಿಮೆಯಿರುವುದರಿಂದ ಅಷ್ಟೇ ವೇಗದ ಗಾಳಿ ರೆಕ್ಕೆಗೆ ಕೊಡುವ ಬಲವೂ ಅಷ್ಟು ಕಡಿಮೆ. ಗುಡ್ಡ, ತೋಪು, ಏರಿ ದಾಟಿ ಬರುವ ಗಾಳಿ ಒಂದೇ ಸಮ ಬೀಸುವುದಿಲ್ಲ, ಬಂದು ಬಂದು ನಿಲ್ಲುತ್ತದೆ. ನಿಂತಾಗ ಮುಳುಗು ಹಲಗೆಯವನು ಕತ್ತಿನವರೆಗೆ ನೀರಿನಲ್ಲಿ, ದೊಡ್ಡ ಹಲಗೆಯವನು ಮಂಡಿಯೂರಿ ಕೈಯಲ್ಲೇ ಹುಟ್ಟು ಹಾಕಿಕೊಂಡು ದಡಕ್ಕೆ. ಆದ್ದರಿಂದ ಕರಾವಳಿಯಲ್ಲಿ 100 ಲೀಟರ್ ಸಾಕೆನ್ನುವವನಿಗೆ ಇಲ್ಲಿ 110 ಇರಲಿ ಎಂದೇ ನನ್ನ ಸಲಹೆ. ಎರಡನೇ ಹಲಗೆಯನ್ನು ಕೊಳ್ಳುವಾಗಲೂ ಮೈತೂಕಕ್ಕಿಂತ ಹತ್ತು ಲೀಟರ್ ಮೇಲೆಯೇ ನಿಲ್ಲಲಿ, ಆಕಾರ ಉದ್ದ ಸಪೂರದ ಕಡೆಗಿರಲಿ. ನಿಧಾನ ಗಾಳಿಯಲ್ಲಿ ಬೇಗ ಏಳುವ ಗುಣ ನಮಗೆ ನೆಗೆತಕ್ಕಿಂತ ಮುಖ್ಯ.

ಇನ್ನೊಂದು ಎಚ್ಚರಿಕೆ ಹಲಗೆಯ ಅಡಿಯದು. ಶರಾವತಿಯ ಹಿನ್ನೀರಿನಲ್ಲಿ ಮುಳುಗಿದ ಕಾಡಿನ ಬೊಡ್ಡೆಗಳಿವೆ; ಕೆರೆಗಳಲ್ಲಿ ಬಂಡೆ, ಬಲೆ, ಹೂಳು. ಮುಕ್ಕಾಲು ಮೀಟರ್ ಕಂಬಕ್ಕೆ ಕನಿಷ್ಠ ಒಂದೂವರೆ ಮೀಟರ್ ಆಳ ಬೇಕು. ಮೀನುಗಾರರ ತೆಪ್ಪ, ಬಲೆಗಳಿಂದ ದೂರ ಇರಬೇಕು, ಸಂಬಂಧಪಟ್ಟ ಇಲಾಖೆಯ ಅನುಮತಿಯಿಲ್ಲದೆ ಇಳಿಯಬಾರದು. ಈಜು ಬಂದರೂ ಲೈಫ್ ಜಾಕೆಟ್ಟು, ಹೆಲ್ಮೆಟ್ಟು ಬಿಡಬಾರದು. ಫಾಯಿಲಿನ ಅಂಚು ಕುಡುಗೋಲಿನಷ್ಟೇ ಹರಿತ.

ದಾವಣಗೆರೆ, ಶಿವಮೊಗ್ಗ ಕಡೆಯ ಹುಡುಗ ಹುಡುಗಿಯರಲ್ಲಿ ಈ ಆಟದ ಕನಸಿರುವವರಿಗೆ ನನ್ನದೊಂದು ವಿನಂತಿ. ಹಲಗೆಗಳು ಬಹುಪಾಲು ಹೊರದೇಶದಿಂದ ಬರುವುದರಿಂದ ದುಬಾರಿ. ಒಬ್ಬೊಬ್ಬರೂ ಒಂದೊಂದು ಚಿಕ್ಕದನ್ನು ಕೊಳ್ಳುವ ಬದಲು ನಾಲ್ಕೈದು ಜನ ಸೇರಿ 120 ಲೀಟರಿನ ಅಗಲ ಹಲಗೆಯೊಂದನ್ನು ಕೊಳ್ಳಿ. ಗುಂಪಿನಲ್ಲಿ 80 ಕಿಲೋ ತೂಗುವವನಿಗೂ 50 ಕಿಲೋ ತೂಗುವವಳಿಗೂ ಅದು ಆಗುತ್ತದೆ. ನೀವು ಹಾರಲು ಕಲಿತು ಸಪೂರದ್ದಕ್ಕೆ ಹೋದ ದಿನ ಆ ದೊಡ್ಡ ಹಲಗೆಯನ್ನು ಮಾರಬೇಡಿ. ಮುಂದೆ ಕಲಿಯಲು ಬರುವವರಿಗೆ ಅದನ್ನು ದಡದಲ್ಲೇ ಇಟ್ಟಿರಿ.