ಯಾವ ಊರಿನ ಶಾಲೆ, ಯಾವ ಕಾಲೇಜಿನ ಸೀಟು?

ಐದನೇ ತರಗತಿಯಲ್ಲಿ ಬರೆಯುವ ಒಂದು ಪರೀಕ್ಷೆ, ಏಳು ವರ್ಷಗಳ ನಂತರ ಆ ವಿದ್ಯಾರ್ಥಿ ಸೇರುವ ಕಾಲೇಜನ್ನು ನಿರ್ಧರಿಸುತ್ತದೆಯೇ? ನವೋದಯ ವಿದ್ಯಾಲಯ, ಮೊರಾರ್ಜಿ ದೇಸಾಯಿ ವಸತಿ ಶಾಲೆ ಮುಂತಾದ ಆಯ್ಕೆ ಪರೀಕ್ಷೆಯ ಶಾಲೆಗಳಲ್ಲಿ ಸೀಟು ಸಿಕ್ಕರೆ ಮಗುವಿನ ಬದುಕು ದಡ ಸೇರಿತೆಂದೂ, ಸಿಗದಿದ್ದರೆ ದಾರಿ ಮುಚ್ಚಿತೆಂದೂ ತಿಳಿಯುವ ತಂದೆತಾಯಿಗಳು ನಮ್ಮಲ್ಲಿ ಬಹಳ ಮಂದಿ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಮತ್ತು ಹರಪನಹಳ್ಳಿ ಸೀಮೆಯ ಇತಿಹಾಸವನ್ನು ಗಮನಿಸಿದರೆ ಬೇರೊಂದು ಸಂಗತಿ ಕಾಣುತ್ತದೆ. ಇಲ್ಲಿ ಕಾಲೇಜಿನ ಬಾಗಿಲನ್ನು ಶಾಲೆಯ ಹೆಸರು ಮಾತ್ರ ತೆರೆದಿಲ್ಲ. ಶಾಲೆ ಇರುವ ಊರು, ಓದಿದ ಭಾಷೆ ಮತ್ತು ಜಿಲ್ಲೆಯ ಗಡಿಯೂ ಅದರಲ್ಲಿ ಪಾಲು ಪಡೆದಿವೆ.

1800ರಲ್ಲಿ ನಿಜಾಮನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ ದತ್ತ ಮಂಡಲದಲ್ಲಿ ಬಳ್ಳಾರಿ ಸೀಮೆಯೂ ಸೇರಿತ್ತು. ಮುಂದೆ ಒಂದೂವರೆ ಶತಮಾನ ಅದು ಮದರಾಸು ಪ್ರಾಂತ್ಯದ ಭಾಗವಾಗಿತ್ತು. ಲಂಡನ್ ಮಿಷನ್ನಿನವರು 1846ರಲ್ಲಿ ಬಳ್ಳಾರಿಯಲ್ಲಿ ಆರಂಭಿಸಿದ ವಾರ್ಡ್‌ಲಾ ಶಾಲೆ ಈ ಭಾಗದ ಇಂಗ್ಲಿಷ್ ವಿದ್ಯಾಭ್ಯಾಸದ ಮೊದಲ ಮೆಟ್ಟಿಲುಗಳಲ್ಲೊಂದು. 1857ರಲ್ಲಿ ಮದರಾಸು ವಿಶ್ವವಿದ್ಯಾಲಯ ಸ್ಥಾಪನೆಯಾದ ಮೇಲೆ ಕಾಲೇಜು ಸೇರಲು ಮೆಟ್ರಿಕ್ಯುಲೇಷನ್ ಪಾಸಾಗಬೇಕಿತ್ತು. ಅದಕ್ಕೆ ಹೈಸ್ಕೂಲು ಬೇಕಿತ್ತು. ಹೈಸ್ಕೂಲು ಇದ್ದದ್ದು ಪೇಟೆಯಲ್ಲಿ. ಅಂದರೆ ಆ ಕಾಲದಲ್ಲಿ ಹೈಸ್ಕೂಲು ಎಂಬುದೇ ಆಯ್ದವರ ಶಾಲೆ. ಆಯ್ಕೆ ಮಾಡುತ್ತಿದ್ದದ್ದು ಪರೀಕ್ಷೆಯಲ್ಲ, ದೂರ ಮತ್ತು ಫೀಜು. ಪೇಟೆಯಲ್ಲಿ ಬಂಧುಗಳ ಮನೆಯೋ ವಾರಾನ್ನದ ಮನೆಗಳೋ ಇಲ್ಲದ ಹಳ್ಳಿಯ ಹುಡುಗನಿಗೆ ಅಲ್ಲಿಯ ಓದು ಎಟುಕುತ್ತಿರಲಿಲ್ಲ. ಹುಡುಗಿಯರ ಮಾತಂತೂ ದೂರವೇ ಉಳಿಯಿತು.

1916 ಈ ಸೀಮೆಗೆ ಮುಖ್ಯವಾದ ವರ್ಷ. ಆ ವರ್ಷ ಅನಂತಪುರದಲ್ಲಿ ದತ್ತ ಮಂಡಲ ಕಾಲೇಜು ಆರಂಭವಾಯಿತು. ಬಳ್ಳಾರಿಯಲ್ಲಿ ವೀರಶೈವ ವಿದ್ಯಾವರ್ಧಕ ಸಂಘ ಹುಟ್ಟಿದ್ದೂ ಅದೇ ವರ್ಷ. ಸಂಘದ ವೀರಶೈವ ಕಾಲೇಜು 1945ರಲ್ಲಿ ಪ್ರಾರಂಭವಾದಾಗ ಈ ತಾಲ್ಲೂಕುಗಳ ವಿದ್ಯಾರ್ಥಿಗಳಿಗೆ ಕಾಲೇಜು ಒಂದಿಷ್ಟು ಹತ್ತಿರವಾಯಿತು.

ಸೀಟನ್ನು ಹೇಗೆ ಹಂಚಬೇಕೆಂಬ ಪ್ರಶ್ನೆಗೆ ಉತ್ತರವೂ ಆಗ ಮದರಾಸಿನಿಂದಲೇ ಬರುತ್ತಿತ್ತು. ಅಲ್ಲಿಯ ಕಮ್ಯುನಲ್ ಜಿ.ಓ. ಪ್ರಕಾರ ಪ್ರತಿ 14 ಸೀಟುಗಳನ್ನು ಸಮುದಾಯವಾರು ಹಂಚಲಾಗುತ್ತಿತ್ತು. ಚಂಪಕಂ ದೊರೈರಾಜನ್ ಮೊಕದ್ದಮೆಯಲ್ಲಿ 1951ರಲ್ಲಿ ಸುಪ್ರೀಂ ಕೋರ್ಟು ಅದನ್ನು ರದ್ದು ಮಾಡಿತು. ಅದೇ ವರ್ಷ ಸಂವಿಧಾನಕ್ಕೆ ಮೊದಲ ತಿದ್ದುಪಡಿಯಾಗಿ, ಹಿಂದುಳಿದ ವರ್ಗಗಳಿಗೆ ವಿಶೇಷ ಸೌಲಭ್ಯ ನೀಡುವ ಅಧಿಕಾರ ಸರ್ಕಾರಗಳಿಗೆ ದೊರೆಯಿತು. 1953ರ ಅಕ್ಟೋಬರ್ 1ರಂದು ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ಸೇರಿದಂತೆ ಬಳ್ಳಾರಿಯ ಕನ್ನಡ ತಾಲ್ಲೂಕುಗಳು ಮೈಸೂರು ರಾಜ್ಯಕ್ಕೆ ಬಂದವು. 1961ರಲ್ಲಿ ಬಳ್ಳಾರಿಗೆ ಸರ್ಕಾರಿ ವೈದ್ಯಕೀಯ ಕಾಲೇಜು ಬಂದಿತು.

ಕಾಲೇಜು ಹತ್ತಿರ ಬಂದರೂ ಸೀಟು ಹತ್ತಿರ ಬರಲಿಲ್ಲ. ಖಾಸಗಿ ಕಾಲೇಜುಗಳಲ್ಲಿ ಕ್ಯಾಪಿಟೇಷನ್ ಹಾವಳಿ ಬೆಳೆಯಿತು. ಅದನ್ನು ನಿಷೇಧಿಸಲು ಕರ್ನಾಟಕ 1984ರಲ್ಲಿ ಕಾಯಿದೆ ಮಾಡಿತು. 1993ರ ಉನ್ನಿಕೃಷ್ಣನ್ ಮೊಕದ್ದಮೆಯ ತೀರ್ಪಿನ ನಂತರ, 1994ರಲ್ಲಿ ಸಾಮಾನ್ಯ ಪ್ರವೇಶ ಪರೀಕ್ಷೆ, ಅಂದರೆ ಸಿಇಟಿ, ಜಾರಿಗೆ ಬಂದಿತು. ಬೆಂಗಳೂರಿನ ವಿದ್ಯಾರ್ಥಿಗೂ ಹಡಗಲಿಯ ವಿದ್ಯಾರ್ಥಿಗೂ ಒಂದೇ ಪ್ರಶ್ನೆಪತ್ರಿಕೆ. ಆದರೆ ಪ್ರಶ್ನೆಪತ್ರಿಕೆ ಒಂದೇ ಆದ ಮಾತ್ರಕ್ಕೆ ಪ್ರಯೋಗಶಾಲೆ ಒಂದೇ ಆಗುವುದಿಲ್ಲ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಕೂಡ್ಲಿಗಿ ಮತ್ತು ಹರಪನಹಳ್ಳಿಗಳನ್ನು ರಾಜ್ಯದ ಅತ್ಯಂತ ಹಿಂದುಳಿದ ತಾಲ್ಲೂಕುಗಳ ಪಟ್ಟಿಗೆ ಸೇರಿಸಿದ್ದನ್ನು ಇಲ್ಲಿ ನೆನೆಯಬೇಕು.

ಈ ಅಂತರವನ್ನು ತುಂಬಲು ನಡೆದ ಒಂದು ಪ್ರಯತ್ನವೇ ನವೋದಯ ವಿದ್ಯಾಲಯ. 1986ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ ಈ ಯೋಜನೆಗೆ ಸ್ಥಾನ ದೊರೆಯಿತು. ಜಿಲ್ಲೆಗೊಂದು ಶಾಲೆ, ಆರನೇ ತರಗತಿಗೆ ಆಯ್ಕೆ ಪರೀಕ್ಷೆ, ಕನಿಷ್ಠ ಶೇ. 75ರಷ್ಟು ಸೀಟು ಗ್ರಾಮೀಣ ಮಕ್ಕಳಿಗೆ. ಬಳ್ಳಾರಿ ಜಿಲ್ಲೆಯ ಪಾಲಿಗೆ ಬಂದ ನವೋದಯ ಕೂಡ್ಲಿಗಿ ತಾಲ್ಲೂಕಿನ ಚಿಕ್ಕಜೋಗಿಹಳ್ಳಿಯಲ್ಲೇ ನೆಲೆಗೊಂಡಿತು. ಈ ಶಾಲೆಗಳ ಲಾಭ ಸ್ಪಷ್ಟವಾದದ್ದು. ವಸತಿ ಇದೆ, ಹನ್ನೆರಡನೇ ತರಗತಿಯವರೆಗೆ ಒಂದೇ ಆವರಣದಲ್ಲಿ ಓದಬಹುದು. ಹತ್ತನೆಯದು ಮುಗಿದೊಡನೆ ವಿಜ್ಞಾನ ವಿಭಾಗವಿರುವ ಪಿಯು ಕಾಲೇಜು ಎಲ್ಲಿದೆ ಎಂದು ಹುಡುಕಬೇಕಾಗಿಲ್ಲ. 2007ರಲ್ಲಿ ಆರಂಭವಾದ ದಕ್ಷಣಾ ಪ್ರತಿಷ್ಠಾನದಂತಹ ಸಂಸ್ಥೆಗಳು ನವೋದಯದ ವಿದ್ಯಾರ್ಥಿಗಳನ್ನು ಪರೀಕ್ಷೆಯ ಮೂಲಕ ಆರಿಸಿ ಐಐಟಿ, ವೈದ್ಯಕೀಯ ಪ್ರವೇಶ ಪರೀಕ್ಷೆಗಳಿಗೆ ಉಚಿತ ತರಬೇತಿಯನ್ನೂ ನೀಡುತ್ತಿವೆ.

ಇನ್ನು ಈ ಲೆಕ್ಕದ ಮತ್ತೊಂದು ಮಗ್ಗುಲನ್ನು ನೋಡೋಣ. ರಾಜ್ಯದ ವೃತ್ತಿಶಿಕ್ಷಣ ಸೀಟುಗಳಲ್ಲಿ ಶೇ. 15ರಷ್ಟು ಗ್ರಾಮೀಣ ಅಭ್ಯರ್ಥಿಗಳಿಗೆ, ಶೇ. 5ರಷ್ಟು ಕನ್ನಡ ಮಾಧ್ಯಮದವರಿಗೆ ಮೀಸಲು. ಮೊದಲನೆಯದಕ್ಕೆ ಒಂದರಿಂದ ಹತ್ತರವರೆಗೆ ಹತ್ತು ವರ್ಷವೂ ಗ್ರಾಮೀಣ ಪ್ರದೇಶದ ಶಾಲೆಯಲ್ಲಿ ಓದಿರಬೇಕು. ಪಟ್ಟಣ ಪಂಚಾಯತಿ ಅಥವಾ ಪುರಸಭೆಯ ವ್ಯಾಪ್ತಿಯ ಶಾಲೆ ಇದಕ್ಕೆ ಸಲ್ಲುವುದಿಲ್ಲ. ಆದ್ದರಿಂದ ಹಳ್ಳಿಯ ಹುಡುಗಿಯನ್ನು ಎಂಟನೇ ತರಗತಿಗೆ ಕೊಟ್ಟೂರು ಪಟ್ಟಣದ ಅಥವಾ ದಾವಣಗೆರೆಯ ಹೆಸರಾಂತ ಹೈಸ್ಕೂಲಿಗೆ ಸೇರಿಸಿದರೆ, ಒಳ್ಳೆಯ ಪಾಠ ಸಿಕ್ಕರೂ ಗ್ರಾಮೀಣ ಮೀಸಲಾತಿ ಕೈತಪ್ಪುತ್ತದೆ. ಎರಡನೆಯದಕ್ಕೆ ಹತ್ತು ವರ್ಷವೂ ಕನ್ನಡ ಮಾಧ್ಯಮ ಬೇಕು. ನವೋದಯದಲ್ಲಿ ಮೇಲಿನ ತರಗತಿಗಳ ಗಣಿತ, ವಿಜ್ಞಾನ ಇಂಗ್ಲಿಷಿನಲ್ಲಿ ನಡೆಯುವುದರಿಂದ ಆ ಸೌಲಭ್ಯ ಅಲ್ಲಿಯವರಿಗೆ ಉಳಿಯುವುದಿಲ್ಲ. ಶಾಲೆ ಬದಲಾದರೆ ಕಾಲೇಜಿನ ಸಾಲಿನಲ್ಲಿ ನಾವು ನಿಲ್ಲುವ ಜಾಗವೂ ಬದಲಾಗುತ್ತದೆ.

ಶಾಲೆಯನ್ನು ಆಧರಿಸಿದ ಮೀಸಲಾತಿ ಎಲ್ಲ ಕಡೆ ಉಳಿಯಲಿಲ್ಲ. ಸಾಮಾನ್ಯ ಗ್ರಾಮೀಣ ಶಾಲೆಗಳಲ್ಲಿ ಓದಿದವರಿಗೆ ಹರಿಯಾಣ ಸರ್ಕಾರ ಇಟ್ಟಿದ್ದ 25 ವೈದ್ಯಕೀಯ ಸೀಟುಗಳನ್ನು ಸುಪ್ರೀಂ ಕೋರ್ಟು 1984ರಲ್ಲಿ ತಳ್ಳಿಹಾಕಿತು. ಆದರೆ ತಮಿಳುನಾಡು 2020ರಲ್ಲಿ ಸರ್ಕಾರಿ ಶಾಲೆಗಳಲ್ಲಿ ಓದಿದವರಿಗೆಂದೇ ಶೇ. 7.5ರಷ್ಟು ವೈದ್ಯಕೀಯ ಸೀಟುಗಳನ್ನು ಕಾಯ್ದಿರಿಸಿತು.

ಗಡಿಯ ಮಹತ್ವವನ್ನು ತಿಳಿಯಲು ಹರಪನಹಳ್ಳಿಯನ್ನು ನೋಡಬೇಕು. 1997ರಲ್ಲಿ ಹೊಸ ಜಿಲ್ಲೆಗಳು ರಚನೆಯಾದಾಗ ಈ ತಾಲ್ಲೂಕು ದಾವಣಗೆರೆಗೆ ಸೇರಿತು. ಮುಂದೆ ಸಂವಿಧಾನದ 98ನೇ ತಿದ್ದುಪಡಿಯಿಂದ 371ಜೆ ವಿಧಿ ಬಂದು, 2013ರಲ್ಲಿ ಜಾರಿಯಾಯಿತು. ಅದರಂತೆ ಆಗಿನ ಹೈದರಾಬಾದ್ ಕರ್ನಾಟಕದ, ಅಂದರೆ ಇಂದಿನ ಕಲ್ಯಾಣ ಕರ್ನಾಟಕದ, ಸ್ಥಳೀಯರಿಗೆ ಆ ಭಾಗದ ಕಾಲೇಜುಗಳಲ್ಲಿ ಶೇ. 70, ಉಳಿದೆಡೆ ಶೇ. 8 ಸೀಟುಗಳು ಮೀಸಲಾದವು. ಬಳ್ಳಾರಿ ಜಿಲ್ಲೆಯ ಕೊಟ್ಟೂರು, ಹಗರಿಬೊಮ್ಮನಹಳ್ಳಿಯವರಿಗೆ ಇದು ದೊರೆಯಿತು. ಪಕ್ಕದ ಹರಪನಹಳ್ಳಿಯವರಿಗೆ ದೊರೆಯಲಿಲ್ಲ. ಮಳೆ ಒಂದೇ, ಮಣ್ಣು ಒಂದೇ, ಜಿಲ್ಲೆಯ ಹೆಸರು ಮಾತ್ರ ಬೇರೆ. ಜನರ ದೀರ್ಘ ಹೋರಾಟದ ನಂತರ 2018ರಲ್ಲಿ ತಾಲ್ಲೂಕನ್ನು ಮರಳಿ ಬಳ್ಳಾರಿಗೆ ಸೇರಿಸುವ ತೀರ್ಮಾನವಾಯಿತು. 2021ರಲ್ಲಿ ಈ ಐದೂ ತಾಲ್ಲೂಕುಗಳು ಹೊಸಪೇಟೆಯೊಂದಿಗೆ ವಿಜಯನಗರ ಜಿಲ್ಲೆಯಾದವು. ಅದೇ ಹುಡುಗ, ಅದೇ ಶಾಲೆ, ಅದೇ ಅಂಕ. ಆದರೂ ಗಡಿ ಸರಿದೊಡನೆ ಸೀಟಿನ ಸಾಧ್ಯತೆ ಬದಲಾಯಿತು.

ಹಾಗಾದರೆ ಆಯ್ಕೆಯ ಶಾಲೆಯಿಂದ ಬರುವ ಲಾಭ ಎಷ್ಟು? ಅಮೆರಿಕದ ಬಾಸ್ಟನ್ ಮತ್ತು ನ್ಯೂಯಾರ್ಕ್ ನಗರಗಳ ಇಂತಹ ಶಾಲೆಗಳನ್ನು ಕುರಿತ ಸಂಶೋಧನೆಗಳು 2014ರಲ್ಲಿ ಪ್ರಕಟವಾದವು. ಅಲ್ಪ ಅಂತರದಿಂದ ಸೀಟು ಪಡೆದವರನ್ನೂ ಅಲ್ಪ ಅಂತರದಿಂದ ಕಳೆದುಕೊಂಡವರನ್ನೂ ಅರ್ಥಶಾಸ್ತ್ರಜ್ಞರು ಹೋಲಿಸಿ ನೋಡಿದರು. ಅಂಕಗಳಲ್ಲಾಗಲಿ, ಕಾಲೇಜು ಸೇರುವುದರಲ್ಲಾಗಲಿ ಹೇಳಿಕೊಳ್ಳುವಂತಹ ವ್ಯತ್ಯಾಸ ಅವರಿಗೆ ಕಾಣಲಿಲ್ಲ. ಆ ಶಾಲೆಗಳ ಕೀರ್ತಿಗೆ ಮುಖ್ಯ ಕಾರಣ, ಅಲ್ಲಿಗೆ ಬರುವ ಮಕ್ಕಳು ಮೊದಲೇ ಜಾಣರಾಗಿದ್ದದ್ದು. ಈ ಮಾತನ್ನು ನಮ್ಮಲ್ಲಿಗೆ ಹಾಗೆಯೇ ಅನ್ವಯಿಸಲಾಗದು. ಸೀಟು ತಪ್ಪಿದ ಮಗು ಹಿಂತಿರುಗುವ ಊರಿನ ಶಾಲೆಯಲ್ಲಿ ಗಣಿತದ ಶಿಕ್ಷಕರೇ ಇಲ್ಲದಿದ್ದರೆ ವ್ಯತ್ಯಾಸ ದೊಡ್ಡದಾಗಿಯೇ ಇರುತ್ತದೆ. ಆಯ್ಕೆಯ ಶಾಲೆ ಎಷ್ಟು ಎತ್ತರವಾಗಿ ಕಾಣುತ್ತದೆ ಎಂಬುದು ಊರಿನ ಶಾಲೆ ಎಷ್ಟು ತಗ್ಗಿನಲ್ಲಿದೆ ಎಂಬುದನ್ನು ಅವಲಂಬಿಸಿದೆ.

ವಿದ್ಯಾರ್ಥಿ ಮಿತ್ರರೇ, ನವೋದಯದ ಪಟ್ಟಿಯಲ್ಲಿ ಹೆಸರು ಬಾರದಿದ್ದರೆ ಧೈರ್ಯಗೆಡಬೇಡಿ. ಶಾಲೆ ಬದಲಿಸುವ ಮುನ್ನ ಅದರಿಂದ ಯಾವ ಸೌಲಭ್ಯ ಬರುತ್ತದೆ, ಯಾವುದು ಹೋಗುತ್ತದೆ ಎಂದು ಮನೆಯವರೊಡನೆ ಕುಳಿತು ಲೆಕ್ಕ ಹಾಕಿ. ಒಂದರಿಂದ ಹತ್ತರವರೆಗಿನ ವ್ಯಾಸಂಗ ಪ್ರಮಾಣಪತ್ರಗಳನ್ನೂ 371ಜೆ ಅರ್ಹತಾ ಪ್ರಮಾಣಪತ್ರವನ್ನೂ ಸಕಾಲದಲ್ಲಿ ಪಡೆದು ಜೋಪಾನವಾಗಿಡಿ. ಚಿಕ್ಕಜೋಗಿಹಳ್ಳಿಯ ಆವರಣದಲ್ಲಿ ಕೆಲವರಿಗೆ ಸಿಗುವ ಪ್ರಯೋಗಶಾಲೆ, ಗ್ರಂಥಾಲಯ ಮತ್ತು ಶಿಕ್ಷಕರು ನಿಮ್ಮೂರಿನ ಸರ್ಕಾರಿ ಪ್ರೌಢಶಾಲೆಗೂ ಬೇಕೆಂದು ಕೇಳುವುದನ್ನು ಮಾತ್ರ ಬಿಡಬೇಡಿ. ಗಡಿಯನ್ನೇ ಸರಿಸಿದ ಸೀಮೆ ಇದು. ಕೇಳಿದರೆ ಸಿಗುತ್ತದೆ ಎಂಬುದಕ್ಕೆ ಹರಪನಹಳ್ಳಿಯೇ ಸಾಕ್ಷಿ.