ನಿಲ್ಲಿಸುವ ವಿದ್ಯೆ

ನಮ್ಮ ಅಕ್ಕನ ಮಗನಿಗೆ ಕಾರಿನ ಹುಚ್ಚು. ಬೆಂಗಳೂರಿನಲ್ಲಿ ಕೆಲಸ. ಎರಡೇ ಬಾಗಿಲಿನ, ಹೊಟ್ಟೆ ನೆಲಕ್ಕೆ ತಾಗುವ ಹಾಗಿರುವ ಒಂದು ಕೆಂಪು ಕಾರು ಇಟ್ಟುಕೊಂಡಿದ್ದಾನೆ. ವಾರವೆಲ್ಲ ಅದರಲ್ಲೇ ಆಫೀಸಿಗೆ ಹೋಗುತ್ತಾನೆ. ಯಾವಾಗಲಾದರೊಂದು ಭಾನುವಾರ ಅದನ್ನೇ ಚೆನ್ನೈ ಹತ್ತಿರದ ರೇಸ್ ಟ್ರ್ಯಾಕಿಗೆ ಒಯ್ದು ಸುತ್ತು ಹೊಡೆದು ಬರುತ್ತಾನೆ. ಕಳೆದ ಬೇಸಿಗೆ ರಜೆಯಲ್ಲಿ ಊರಿಗೆ ಬಂದವನು ನಮ್ಮ ಜಗಲಿಯ ಮೇಲೆ ಹಳೆಯ ಪೇಪರು ಹಾಸಿ, ಅಂಗೈಯಗಲದ ಕಬ್ಬಿಣದ ತುಂಡುಗಳನ್ನು ಸಾಲಾಗಿ ಇಟ್ಟುಕೊಂಡು ಕೂತಿದ್ದ.

"ಏನೋ ಇದು, ಹಪ್ಪಳ ಒಣಗಿಸೋ ಹಾಗೆ ಹರಡಿದ್ದೀಯಲ್ಲ?" ಎಂದೆ.

"ಬ್ರೇಕ್ ಪ್ಯಾಡು ಚಿಕ್ಕಮ್ಮ. ಇವು ರೋಡಿಗೆ, ಇವು ಟ್ರ್ಯಾಕಿಗೆ. ಯಾವ್ದು ಹಾಕಿಸ್ಲಿ ಅಂತ ತಲೆ ಕೆಟ್ಟಿದೆ" ಎಂದ.

ನನಗೆ ಕಾರಿನ ಗಂಧವಿಲ್ಲ. ಬ್ರೇಕ್ ಎಂದರೆ ಬ್ರೇಕ್, ಅದರಲ್ಲಿ ಎರಡು ಜಾತಿ ಯಾಕೆ ಎಂದು ಕೇಳಿದೆ. ಟ್ರ್ಯಾಕಿನ ಪ್ಯಾಡು ಚೆನ್ನಾಗಿ ಬಿಸಿಯಾಗುವ ತನಕ ಸರಿಯಾಗಿ ಹಿಡಿಯುವುದಿಲ್ಲವಂತೆ. ರೋಡಿನ ಪ್ಯಾಡು ಬೆಳಗಿನ ಚಳಿಯಲ್ಲಿ ಮೊದಲ ತುಳಿತಕ್ಕೇ ಹಿಡಿಯುತ್ತದೆ, ಆದರೆ ಟ್ರ್ಯಾಕಿನಲ್ಲಿ ನಾಲ್ಕು ಸುತ್ತು ಹೊಡೆದರೆ ಕಾದು, ಹೊಗೆಯಾಡಿ, ಕೈಕೊಡುತ್ತದೆ. ಇಷ್ಟು ಕೇಳಿದ ಮೇಲೆ ನನಗೆ ಅರ್ಥವಾಗಿಹೋಯಿತು. ಕಾಯದ ಹೆಂಚಿನ ಮೇಲೆ ದೋಸೆ ಏಳುವುದಿಲ್ಲ. ಅತಿಯಾಗಿ ಕಾದರೆ ಸೀದುಹೋಗುತ್ತದೆ. ಟೈರಿನದೂ ಇದೇ ಕಥೆ. ಟ್ರ್ಯಾಕಿನ ಟೈರಿನ ರಬ್ಬರು ಮೆತ್ತಗೆ, ಕಾದಾಗ ನೆಲಕ್ಕೆ ಅಂಟಿಕೊಳ್ಳುತ್ತದೆ, ಮಕ್ಕಳ ರಬ್ಬರಿನ ಹಾಗೆ ಬೇಗ ಸವೆಯುತ್ತದೆ. ಅದರಲ್ಲಿ ಗೀರುಗಳು ಕಡಿಮೆ. ಮಳೆ ಬಂದರೆ ನೀರು ಹೊರಗೆ ಹೋಗಲು ದಾರಿಯಿಲ್ಲದೆ ಕಾರು ನೀರಿನ ಮೇಲೆ ತೇಲುತ್ತದೆ. ಅಷ್ಟು ದೊಡ್ಡ ಕಾರಿನಲ್ಲಿ ಒಂದೊಂದು ಟೈರು ನೆಲ ಮುಟ್ಟುವುದು ಹೆಚ್ಚು ಕಡಿಮೆ ಒಂದು ಅಂಗೈಯಷ್ಟು ಜಾಗದಲ್ಲಿ ಮಾತ್ರ ಎಂದು ಕೇಳಿದಾಗ ಮಾತ್ರ ನನ್ನ ಎದೆ ಝಲ್ಲೆಂದಿತು.

"ಇದನ್ನೆಲ್ಲ ಮೊದಲು ಕಂಡುಹಿಡಿದವರು ಯಾರೋ?" ಎಂದು ಕೇಳಿದೆ. ಇತಿಹಾಸದ ಮೇಷ್ಟ್ರಿಗೆ ಬೇರೇನು ತೋಚುತ್ತದೆ? ಅವನಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಅವಳು ಎರಡು ಮಕ್ಕಳನ್ನು ಕರೆದುಕೊಂಡು ತವರಿಗೆ ಹೊರಟ ಒಬ್ಬ ಹೆಂಗಸು.

ಜರ್ಮನಿಯ ಕಾರ್ಲ್ ಬೆಂಜ್ 1886ರಲ್ಲಿ ತನ್ನ ಮೂರು ಚಕ್ರದ ಮೋಟಾರು ಗಾಡಿಗೆ ಪೇಟೆಂಟ್ ಪಡೆದ. ಹೆಂಡತಿ ಬರ್ತಾ ಮದುವೆಗೆ ಮುಂಚೆಯೇ ತನ್ನ ವರದಕ್ಷಿಣೆ ಹಣ ಕೊಡಿಸಿ ಅವನ ವ್ಯಾಪಾರ ಮುಳುಗದಂತೆ ಕಾಪಾಡಿದವಳು. ಪೇಟೆಂಟಿನ ಕಾಗದದಲ್ಲಿ ಅವಳ ಹೆಸರಿಲ್ಲ. ಗಾಡಿ ತಯಾರಾಯಿತು, ಕೊಳ್ಳುವವರಿಲ್ಲ. ಕಾರ್ಲ್ ಸಂಕೋಚದ ಮನುಷ್ಯ, ಇನ್ನೂ ಸರಿಮಾಡಬೇಕು ಎನ್ನುತ್ತ ಶೆಡ್ಡಿನಲ್ಲೇ ಕೂತ. 1888ರ ಆಗಸ್ಟಿನ ಒಂದು ಬೆಳಗ್ಗೆ, ಗಂಡನಿಗೆ ಹೇಳದೆ, ಹದಿನೈದು ವರ್ಷದ ಆಯ್ಗೆನ್ ಮತ್ತು ಹದಿಮೂರು ವರ್ಷದ ರಿಚರ್ಡ್ ಇಬ್ಬರನ್ನೂ ಹತ್ತಿಸಿಕೊಂಡು ಬರ್ತಾ ಮಾನ್‌ಹೈಮಿನಿಂದ ತವರೂರು ಫೋರ್ಟ್ಸ್‌ಹೈಮಿಗೆ ಹೊರಟಳು. ನೂರು ಕಿಲೋಮೀಟರಿಗೂ ಮೇಲೆ. ಅದುವರೆಗೆ ಮೋಟಾರು ಗಾಡಿ ಅಷ್ಟು ದೂರ ಹೋದದ್ದೇ ಇಲ್ಲ.

ದಾರಿಯಲ್ಲಿ ಇಂಧನ ಮುಗಿದಾಗ ವೀಸ್‌ಲೋಖ್ ಊರಿನ ಔಷಧಿ ಅಂಗಡಿಯಲ್ಲಿ ಕಲೆ ತೆಗೆಯುವ ದ್ರಾವಣ ಕೊಂಡಳು. ಇಂಧನದ ನಳಿಗೆ ಕಟ್ಟಿಕೊಂಡಾಗ ಟೋಪಿಯ ಪಿನ್ನಿನಿಂದ ಬಿಡಿಸಿದಳು. ದಿಬ್ಬ ಬಂದಾಗ ಹುಡುಗರು ಇಳಿದು ತಳ್ಳಿದರು. ಕಷ್ಟವಾದದ್ದು ಇಳಿಜಾರು. ಚಕ್ರಕ್ಕೆ ಒತ್ತುತ್ತಿದ್ದ ಮರದ ಬ್ರೇಕ್ ತುಂಡುಗಳು ಸವೆದುಹೋದವು. ಬೌಶ್ಲಾಟ್ ಎಂಬ ಊರಿನಲ್ಲಿ ಬರ್ತಾ ಜೋಡು ಹೊಲಿಯುವವನೊಬ್ಬನನ್ನು ಹುಡುಕಿ, ಆ ಮರದ ಮೇಲೆ ಚರ್ಮದ ಪಟ್ಟಿ ಹೊಡೆಸಿದಳು. ಸವೆದರೆ ಚರ್ಮ ಮಾತ್ರ ಬದಲಾಯಿಸಿದರಾಯಿತು, ಬ್ರೇಕ್ ಉಳಿಯುತ್ತದೆ. ಇವತ್ತು ನನ್ನ ಜಗಲಿಯ ಮೇಲಿದ್ದ ಪ್ಯಾಡುಗಳೂ ಅಷ್ಟೇ ತಾನೆ? ಬೆನ್ನಿಗೆ ಗಟ್ಟಿ ಲೋಹ, ಮುಖಕ್ಕೆ ಸವೆಯುವ ಪದಾರ್ಥ. ಆ ಜೋಡಿನವನ ಹೆಸರು ಯಾರೂ ಬರೆದಿಡಲಿಲ್ಲವೆಂಬುದು ನನ್ನ ಕೊರಗು.

ಅದೇ 1888ರಲ್ಲಿ, ಐರ್ಲೆಂಡಿನ ಬೆಲ್‌ಫಾಸ್ಟಿನಲ್ಲಿ ಜಾನ್ ಬಾಯ್ಡ್ ಡನ್‌ಲಪ್ ಎಂಬ ದನಗಳ ಡಾಕ್ಟರು ತನ್ನ ಮಗನ ಮೂರು ಚಕ್ರದ ಸೈಕಲ್ಲಿಗೆ ಗಾಳಿ ತುಂಬಿದ ರಬ್ಬರು ಕೊಳವೆ ಕಟ್ಟಿಕೊಟ್ಟ. ಇಂಥ ಟೈರಿಗೆ ಥಾಮ್ಸನ್ ಎಂಬಾತ 1845ರಲ್ಲೇ ಪೇಟೆಂಟ್ ಪಡೆದಿದ್ದ ಎಂಬುದು ಆಮೇಲೆ ಹೊರಬಿತ್ತು. ಅಂತೂ ಹೆಸರು ಉಳಿದದ್ದು ಡನ್‌ಲಪ್‌ನದು. ಒಂದೇ ವರ್ಷದಲ್ಲಿ ತಾಯಿಯೊಬ್ಬಳ ದಾರಿಯಲ್ಲಿ ಬ್ರೇಕಿನ ಲೈನಿಂಗು, ತಂದೆಯೊಬ್ಬನ ಮನೆಯಲ್ಲಿ ಗಾಳಿಯ ಟೈರು.

ಇನ್ನು ಇಂಗ್ಲೆಂಡಿನ ಡರ್ಬಿಶೈರ್. ಅದು ಗುಡ್ಡಗಾಡು. ಅಲ್ಲಿ ಕುದುರೆಗಾಡಿಯವರು ಇಳಿಜಾರಿನಲ್ಲಿ ಚಕ್ರಕ್ಕೆ ಹಳೆಯ ಬೂಟು ಒತ್ತಿ ಗಾಡಿ ತಡೆಯುವುದನ್ನು ಹರ್ಬರ್ಟ್ ಫ್ರೂಡ್ ನೋಡಿದ. (ನನ್ನ ತಾತನ ಕಾಲದಲ್ಲಿ ನಮ್ಮ ಗಾಡಿಯ ಹಿಂದೆಯೂ ಹಗ್ಗ ಕಟ್ಟಿದ ಮರದ ದಿಮ್ಮಿಯೊಂದು ನೇತಾಡುತ್ತಿತ್ತು, ಇಳಿಜಾರಿನಲ್ಲಿ ಹಗ್ಗ ಜಗ್ಗುವ ಕೆಲಸ ಮಕ್ಕಳಾದ ನಮ್ಮದು.) 1897ರಲ್ಲಿ ಫ್ರೂಡ್ ಬಟ್ಟೆಗೆ ಅಂಟು ಕುಡಿಸಿ ಬ್ರೇಕಿನ ಹೊದಿಕೆ ಮಾಡಲು ಶುರುಮಾಡಿದ. ಅವನು ಕಟ್ಟಿದ ಕಂಪನಿಯ ಹೆಸರು ಫೆರೋಡೊ. ಫ್ರೂಡ್ ಎಂಬ ಹೆಸರಿನ ಇಂಗ್ಲಿಷ್ ಅಕ್ಷರಗಳನ್ನು ಕಲಸಿ, ಹೆಂಡತಿ ಎಲಿಜಬೆತ್‌ಳ ಮೊದಲಕ್ಷರ ಸೇರಿಸಿ ಮಾಡಿದ್ದಂತೆ. ಬರ್ತಾಳಿಗೆ ಸಿಗದ ಜಾಗ, ಒಂದೇ ಅಕ್ಷರದಷ್ಟಾದರೂ, ಈಕೆಗೆ ಸಿಕ್ಕಿತು.

ಕಾರುಗಳ ವೇಗ ಹೆಚ್ಚಿತು, ಹತ್ತಿಬಟ್ಟೆ ಕರಕಲಾಗತೊಡಗಿತು. ಬೆಂಕಿಗೆ ಜಗ್ಗದ ನೂಲು ಬೇಕಾಯಿತು. ಅದು ಕಲ್ಲಿನಲ್ಲಿ ಸಿಗುವ ನಾರು, ಆಸ್ಬೆಸ್ಟಾಸ್. ಹತ್ತಿಯಂತೆ ಹಿಂಜಬಹುದು, ನೂಲಬಹುದು, ನೇಯಬಹುದು, ಸುಡುವುದಿಲ್ಲ. ಮುಂದೆ ಎಷ್ಟೋ ದಶಕ ಪ್ರಪಂಚದ ಬ್ರೇಕುಗಳೆಲ್ಲ ಇದರ ಮೇಲೇ ನಿಂತವು.

ಅದನ್ನು ನೂಲುತ್ತಿದ್ದವರು ಯಾರು? ರಾಕ್‌ಡೇಲ್ ಎಂಬ ಗಿರಣಿ ಊರಿನಲ್ಲಿ ನೆಲ್ಲಿ ಕರ್ಶಾ ಎಂಬವಳಿದ್ದಳು. ಚಿಕ್ಕ ವಯಸ್ಸಿನಲ್ಲೇ ಗಿರಣಿಗೆ ಸೇರಿದವಳು. ಆಸ್ಬೆಸ್ಟಾಸ್ ನಾರನ್ನು ನೂಲಾಗಿ ತೆಗೆಯುವುದು ಅವಳ ಕೆಲಸ. ಆ ಕಾಲದಲ್ಲಿ ಇಂಥ ನೂಲು ಬೆಂಕಿಗೆ ಜಗ್ಗದ ಬಟ್ಟೆಗೂ ಹೋಗುತ್ತಿತ್ತು, ಬ್ರೇಕ್ ಲೈನಿಂಗಿಗೂ ಹೋಗುತ್ತಿತ್ತು. 1922ರ ಹೊತ್ತಿಗೆ ಉಸಿರು ಕಟ್ಟಿ ಕೆಲಸ ಬಿಟ್ಟಳು. ಡಾಕ್ಟರು ಆಸ್ಬೆಸ್ಟಾಸಿನ ವಿಷ ಎಂದು ಬರೆದುಕೊಟ್ಟರೂ ಕಂಪನಿ ಪರಿಹಾರ ಕೊಡಲಿಲ್ಲ. ಅಂಥ ರೋಗ ಸರ್ಕಾರದ ಪಟ್ಟಿಯಲ್ಲೇ ಇಲ್ಲ ಎಂದಿತು. 1924ರ ಮಾರ್ಚಿನಲ್ಲಿ ಸತ್ತಾಗ ಅವಳಿಗೆ ಮೂವತ್ತಮೂರು ವರ್ಷ. ಡಾಕ್ಟರ್ ಕುಕ್ ಅವಳ ಶ್ವಾಸಕೋಶವನ್ನು ಸೂಕ್ಷ್ಮದರ್ಶಕದಲ್ಲಿಟ್ಟು ನೋಡಿ, ಒಳಗೆ ಕೂತಿದ್ದ ನಾರಿನ ಚೂರುಗಳನ್ನು ಕಂಡು, ಅದೇ ವರ್ಷ ಬ್ರಿಟನ್ನಿನ ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು. ಕಾರ್ಖಾನೆಯ ಧೂಳಿಗೆ ಅಲ್ಲಿ ಮೊದಲ ಕಾನೂನು ಬಂದದ್ದು 1931ರಲ್ಲಿ. ಆಸ್ಬೆಸ್ಟಾಸನ್ನೇ ಪೂರ್ತಿ ನಿಷೇಧಿಸಿದ್ದು 1999ರಲ್ಲಿ. ಕಳೆಯುವ ಲೆಕ್ಕ ಮಾಡಿ ನೋಡಿ, ಎಪ್ಪತ್ತೈದು ವರ್ಷ. ನೆಲ್ಲಿಯನ್ನು ಹೂಳಿದ ಜಾಗಕ್ಕೆ ಹೆಸರಿನ ಕಲ್ಲನ್ನೂ ಇಡಲಿಲ್ಲ.

ನಮ್ಮ ಹುಡುಗ ಇದನ್ನು ಕೇಳುತ್ತ ಸುಮ್ಮನಾಗಿದ್ದ. ಆಮೇಲೆ, ನನ್ನ ಸಮಾಧಾನಕ್ಕೋ ತನ್ನ ಸಮಾಧಾನಕ್ಕೋ, ಲೆಮಾನ್ ರೇಸಿನ ಮಾತು ತೆಗೆದ. ಫ್ರಾನ್ಸಿನ ಲೆಮಾನ್ ಇಪ್ಪತ್ತನಾಲ್ಕು ಗಂಟೆಯ ರೇಸು. ಹೆಚ್ಚು ಪಾಲು ಅದು ಹಳ್ಳಿಗಳ ನಡುವಿನ ಸಾಮಾನ್ಯ ರಸ್ತೆ, ರೇಸಿನ ದಿನ ಟ್ರ್ಯಾಕು. 1990ಕ್ಕೆ ಮುಂಚೆ ಅಲ್ಲಿ ಸುಮಾರು ಆರು ಕಿಲೋಮೀಟರು ನೆಟ್ಟಗೆ ಓಡಿ, ತಟ್ಟನೆ ಬ್ರೇಕ್ ಹಾಕಿ ತಿರುಗಬೇಕಿತ್ತು, ಹಗಲೂ ರಾತ್ರಿಯೂ. ಹಳೆಯ ಡ್ರಮ್ ಬ್ರೇಕು ಮುಚ್ಚಿದ ಪಾತ್ರೆಯ ಹಾಗೆ: ಕಾದು ಹಿಗ್ಗಿ, ಒಳಗಿನ ಲೈನಿಂಗಿನಿಂದ ದೂರ ಸರಿಯುತ್ತದೆ, ಎಷ್ಟು ತುಳಿದರೂ ಹಿಡಿತ ಸಾಲದು. 1953ರಲ್ಲಿ ಜಾಗ್ವಾರ್ ಕಂಪನಿಯವರು ಡನ್‌ಲಪ್ ಕಂಪನಿ ಜೊತೆ ಸೇರಿ ಗಾಳಿಗೆ ತೆರೆದಿಟ್ಟ ಡಿಸ್ಕ್ ಬ್ರೇಕ್ ಹಾಕಿಕೊಂಡು ಬಂದರು. ಟೋನಿ ರೋಲ್ಟ್, ಡಂಕನ್ ಹ್ಯಾಮಿಲ್ಟನ್ ಓಡಿಸಿದ ಕಾರು ಗೆದ್ದಿತು. ಸರಾಸರಿ ವೇಗ ಗಂಟೆಗೆ 170 ಕಿಲೋಮೀಟರು. ಎಲ್ಲರೂ ಬ್ರೇಕ್ ಹಾಕುವ ಜಾಗ ದಾಟಿ, ಇನ್ನಷ್ಟು ಮುಂದೆ ಹೋಗಿ ತಡವಾಗಿ ಬ್ರೇಕ್ ಹಾಕಿದರೂ ಅದು ನಿಲ್ಲುತ್ತಿತ್ತು.

"ನೋಡಿ ಚಿಕ್ಕಮ್ಮ, ಒಳ್ಳೇ ಬ್ರೇಕ್ ಇದ್ರೆ ಗೆಲುವು" ಎಂದ.

"1955ರಲ್ಲಿ ಏನಾಯ್ತು, ಅದನ್ನೂ ಹೇಳು" ಎಂದೆ.

ಅವನಿಗೂ ಗೊತ್ತಿತ್ತು, ಹೇಳಲು ಮನಸ್ಸಿರಲಿಲ್ಲ. ಆ ಜೂನ್ 11ರಂದು ಡಿಸ್ಕ್ ಬ್ರೇಕಿನ ಜಾಗ್ವಾರ್ ಒಂದು ಇಂಧನ ತುಂಬಿಸುವ ಕಟ್ಟೆಗೆಂದು ವೇಗ ಇಳಿಸಿತು. ಹಿಂದಿದ್ದ ಚಿಕ್ಕ ಕಾರು ತಪ್ಪಿಸಿಕೊಳ್ಳಲು ಎಡಕ್ಕೆ ಸರಿಯಿತು. ಅದರ ಹಿಂದೆ ಶರವೇಗದಲ್ಲಿ ಬರುತ್ತಿದ್ದ ಪಿಯೆರ್ ಲೆವೆಗ್ ಓಡಿಸುತ್ತಿದ್ದ ಮರ್ಸಿಡಿಸ್-ಬೆಂಜ್, ಡ್ರಮ್ ಬ್ರೇಕಿನದು, ಅದಕ್ಕೆ ಬಡಿದು ಗಾಳಿಗೆ ಹಾರಿತು. ಎಂಜಿನ್ನು, ಬಿಡಿಭಾಗ ಎಲ್ಲ ಜನರ ಮೇಲೆ ಬಿದ್ದು ಎಂಬತ್ತಕ್ಕೂ ಹೆಚ್ಚು ಜೀವ ಹೋಯಿತು. ವಿಚಾರಣೆಯವರು ಯಾವ ಚಾಲಕನನ್ನೂ ದೂರಲಿಲ್ಲ. ಇಪ್ಪತ್ತನೇ ದಶಕಕ್ಕೆ ಹಾಕಿದ ಟ್ರ್ಯಾಕು ಈ ವೇಗಕ್ಕೆ ಇಕ್ಕಟ್ಟಾಗಿತ್ತು. ಆದರೂ ಒಂದೇ ರಸ್ತೆಯ ಮೇಲೆ ಒಂದು ಕಾರು ತಟ್ಟನೆ ನಿಲ್ಲಬಲ್ಲದು, ಹಿಂದಿನದು ನಿಲ್ಲಲಾರದು ಎಂಬ ವಿಷಯ ನನ್ನ ತಲೆಯಿಂದ ಹೋಗುವುದಿಲ್ಲ. ಆ ಕಾರಿನ ಮೇಲೆ ಬೆಂಜ್ ಎಂಬ ಹೆಸರಿತ್ತು. ಬರ್ತಾ ಅದಕ್ಕೂ ಹನ್ನೊಂದು ವರ್ಷ ಮೊದಲೇ, 1944ರಲ್ಲಿ, ತೊಂಬತ್ತೈದು ತುಂಬಿ ತೀರಿಕೊಂಡಿದ್ದಳು.

ಮಾತು ಸಾಕಾಯಿತು. ಅವನು ಸಂಜೆಗೆ ಬೆಂಗಳೂರಿಗೆ ಹೊರಡಬೇಕು, ಘಾಟಿ ಇಳಿಯಬೇಕು. ಕಡೆಗೆ ರೋಡಿನ ಪ್ಯಾಡನ್ನೇ ಹಾಕಿಸುವುದು, ಟ್ರ್ಯಾಕಿನದನ್ನು ಡಿಕ್ಕಿಯಲ್ಲಿಟ್ಟು ಅಲ್ಲಿಗೆ ಹೋದ ಮೇಲೆ ಬದಲಾಯಿಸುವುದು ಎಂದು ಒಪ್ಪಿಕೊಂಡ. ಟೈರಿಗೆ ಮಾತ್ರ ಮಳೆಗಾಲ ಮುಗಿಯಲಿ ಎಂದ. ಆಮೇಲೆ ಕಾರಿನಿಂದ ಬಿಚ್ಚಿದ ಹಳೆಯ ಪ್ಯಾಡೊಂದನ್ನು ಕೈಗೆತ್ತಿಕೊಂಡು, ಕಪ್ಪು ಧೂಳು ಹಾರಿಸಲು ಬಾಯಿ ಹತ್ತಿರ ತಂದ.

"ಊದಬೇಡ!" ಎಂದು ಕೂಗಿದೆ.

"ಡಬ್ಬದ ಮೇಲೆ ಆಸ್ಬೆಸ್ಟಾಸ್ ಇಲ್ಲ ಅಂತ ಬರೆದಿದೆ ಚಿಕ್ಕಮ್ಮ."

"ಬರೆದಿರಲಿ." ಒಳಗೆ ಹೋಗಿ ಹಳೆಯ ಸೀರೆಯ ತುಂಡೊಂದನ್ನು ಒದ್ದೆ ಮಾಡಿ ತಂದುಕೊಟ್ಟೆ. ಅವನು ನಗುತ್ತಲೇ ಒರೆಸಿದ. ಆ ಬಟ್ಟೆಯನ್ನು ಒಗೆಯಲು ಹಾಕಬೇಡ, ಒದ್ದೆಯಾಗಿರುವಾಗಲೇ ಚೀಲಕ್ಕೆ ಹಾಕಿ ಬಾಯಿ ಕಟ್ಟು ಎಂದೆ.