ಚುನಾವಣಾ ಸಮೀಕ್ಷೆ: ಮೈಸೂರು ನಗರ

ಆಯ್ದ ಕೆಲವೇ ಮತದಾರರನ್ನು ಮಾತನಾಡಿಸಿ ಇಡೀ ಕ್ಷೇತ್ರದ ಒಲವನ್ನು ಅಂದಾಜು ಮಾಡುವ ಕ್ರಮಕ್ಕೆ ಚುನಾವಣಾ ಸಮೀಕ್ಷೆ ಎಂದು ಹೆಸರು. ಮತದಾನಕ್ಕೆ ಮುನ್ನ ನಡೆಸಿದರೆ ಚುನಾವಣಾಪೂರ್ವ ಸಮೀಕ್ಷೆ, ಮತ ಹಾಕಿ ಹೊರಬಂದವರನ್ನು ಕೇಳಿದರೆ ಮತಗಟ್ಟೆ ಸಮೀಕ್ಷೆ. ಮೈಸೂರು ನಗರ ಕೃಷ್ಣರಾಜ, ಚಾಮರಾಜ, ನರಸಿಂಹರಾಜ ಎಂಬ ಮೂರು ವಿಧಾನಸಭಾ ಕ್ಷೇತ್ರಗಳಲ್ಲಿ ಹಂಚಿಹೋಗಿದೆ. ಹೊರವಲಯದ ಬಡಾವಣೆಗಳಲ್ಲಿ ಬಹುಪಾಲು ಚಾಮುಂಡೇಶ್ವರಿ ಕ್ಷೇತ್ರದವು. ನಾಲ್ಕೂ ಮೈಸೂರು–ಕೊಡಗು ಲೋಕಸಭಾ ಕ್ಷೇತ್ರದೊಳಗಿವೆ.

ಸಮೀಕ್ಷೆಯ ಗಣಿತ ಎಲ್ಲಿ ಸೋಲುತ್ತದೆ ಎಂಬುದಕ್ಕೆ ಚಾಮುಂಡೇಶ್ವರಿಯಷ್ಟು ಒಳ್ಳೆಯ ಉದಾಹರಣೆ ರಾಜ್ಯದಲ್ಲಿ ಸಿಗುವುದು ಕಷ್ಟ. 2006ರ ಉಪಚುನಾವಣೆಯಲ್ಲಿ ಸಿದ್ದರಾಮಯ್ಯ ಇಲ್ಲಿ ಗೆದ್ದದ್ದು 257 ಮತಗಳಿಂದ. ಅವರಿಗೂ ಎದುರಾಳಿ ಶಿವಬಸಪ್ಪ ಅವರಿಗೂ ಸೇರಿ ಬಿದ್ದ ಮತ ಎರಡು ಲಕ್ಷ ಮೂವತ್ತು ಸಾವಿರ. ಅಂದರೆ ಸಾವಿರ ಮತಕ್ಕೆ ಸರಿಸುಮಾರು ಒಂದರ ಅಂತರ. ಸಾವಿರ ಜನರನ್ನು ಎಷ್ಟೇ ಶಿಸ್ತಾಗಿ ಆರಿಸಿ ಕೇಳಿದರೂ ಉತ್ತರ ನೂರಕ್ಕೆ ಮೂರರಷ್ಟು ಅತ್ತಿತ್ತ ಜಾರಬಹುದು. ಇಬ್ಬರು ಅಭ್ಯರ್ಥಿಗಳ ನಡುವಿನ ಅಂತರ ಹೇಳಹೊರಟರೆ ಜಾರುವಿಕೆ ಇನ್ನೂ ಹೆಚ್ಚು. 2023ರಲ್ಲಿ ಚಾಮರಾಜದಲ್ಲಿ ಕಾಂಗ್ರೆಸ್ಸಿನ ಕೆ. ಹರೀಶ್ ಗೌಡ ನಾಲ್ಕು ಸಾವಿರ ಚಿಲ್ಲರೆ ಮತಗಳಿಂದ ಗೆದ್ದರು. ಅದೂ ಈ ಜಾರುವಿಕೆಯೊಳಗೇ ಅಡಗಿಹೋಗುವಷ್ಟು ಸಣ್ಣ ಅಂತರ.

ಆದರೆ ಎಲ್ಲ ತಪ್ಪನ್ನೂ ಗಣಿತದ ತಲೆಗೆ ಕಟ್ಟುವಂತಿಲ್ಲ. 2018ರಲ್ಲಿ ಮುಖ್ಯಮಂತ್ರಿಯಾಗಿದ್ದ ಅದೇ ಸಿದ್ದರಾಮಯ್ಯ ಅದೇ ಚಾಮುಂಡೇಶ್ವರಿಯಲ್ಲಿ ಜೆಡಿಎಸ್‌ನ ಜಿ.ಟಿ. ದೇವೇಗೌಡರಿಗೆ 36,042 ಮತಗಳಿಂದ ಸೋತರು. ಬಿಜೆಪಿ ಅಭ್ಯರ್ಥಿಗೆ ಬಿದ್ದದ್ದು ಸುಮಾರು 12 ಸಾವಿರ. ರಾಜ್ಯದಲ್ಲಿ ಶೇ 36ರಷ್ಟು ಮತ ಪಡೆದ ಪಕ್ಷ ಒಂದು ಕ್ಷೇತ್ರದಲ್ಲಿ ಹೀಗೆ ಕರಗಿದರೆ, ರಾಜ್ಯಮಟ್ಟದ ಸರಾಸರಿ ಇಟ್ಟುಕೊಂಡು ಸೀಟು ಎಣಿಸುವವರಿಗೆ ಕೈಗೆ ಸಿಗುವುದೇನು? ಆ ವರ್ಷ ಕಾಂಗ್ರೆಸ್ ಶೇ 38ರಷ್ಟು ಮತ ಪಡೆದೂ ಬಿಜೆಪಿಗಿಂತ ಹಿಂದೆ ಬಿತ್ತು. ಬಿಜೆಪಿ 104 ಸ್ಥಾನ ಗಳಿಸಿತು. ಮತವನ್ನು ಸ್ಥಾನಕ್ಕೆ ಪರಿವರ್ತಿಸುವ ಈ ಹಂತದಲ್ಲೇ ಸಮೀಕ್ಷೆಗಳು ಹೆಚ್ಚಾಗಿ ಎಡವುತ್ತವೆ. ಟಿ.ವಿ. ಪರದೆಯ ಮೇಲೆ ಬರುವ ‘ಹಳೆ ಮೈಸೂರು’ ಎಂಬ ಪ್ರದೇಶದ ಗಡಿಯೂ ಸಂಸ್ಥೆಯಿಂದ ಸಂಸ್ಥೆಗೆ ಬೇರೆ. ನಗರದ ಮಾತು ಆ ದೊಡ್ಡ ಮೂಟೆಯಲ್ಲಿ ಕೇಳಿಸುವುದಿಲ್ಲ.

ಕ್ಷೇತ್ರಕಾರ್ಯದ ತೊಡಕುಗಳು ಗೇಟಿನ ಬಳಿಯೇ ಶುರು. ಮತದಾರರ ಪಟ್ಟಿಯಿಂದ ಇಂತಿಷ್ಟನೆಯ ಹೆಸರು ಎಂದು ಆರಿಸಿಕೊಂಡು ಹೋದರೆ ಆ ಮನೆಯಲ್ಲಿ ಬೇರೆ ಯಾರೋ ಇರುತ್ತಾರೆ: ‘ಅವರು ಬಾಡಿಗೆಗಿದ್ದರು, ಖಾಲಿ ಮಾಡಿಕೊಂಡು ಹೋಗಿ ಮೂರು ವರ್ಷ ಆಯ್ತಲ್ಲ.’ ಬೆಳಿಗ್ಗೆ ಹನ್ನೊಂದಕ್ಕೆ ಕುವೆಂಪುನಗರದಲ್ಲಿ ಬಾಗಿಲು ತೆರೆಯುವವರು ಹೆಚ್ಚಾಗಿ ನಿವೃತ್ತರು. ದುಡಿಯುವವರು ಸಿಗಬೇಕಾದರೆ ಸಂಜೆ ಮತ್ತೆ ಬರಬೇಕು. ಅಪಾರ್ಟ್‌ಮೆಂಟುಗಳಲ್ಲಿ ಕಾವಲುಗಾರನನ್ನು ದಾಟುವುದೇ ದೊಡ್ಡ ಕೆಲಸ. ಹೆಣ್ಣುಮಕ್ಕಳನ್ನು ಕೇಳಿದರೆ ‘ನಂಗೇನ್ ಗೊತ್ತಾಗುತ್ತೆ, ಯಜಮಾನ್ರನ್ನ ಕೇಳಿ’ ಎಂಬ ಉತ್ತರ ಬರುವುದುಂಟು. ಅದು ಅಜ್ಞಾನವಲ್ಲ, ಬಾಗಿಲು ಮುಚ್ಚುವ ಮರ್ಯಾದೆಯ ವಿಧಾನ. ಲೋಕನೀತಿ ಸಂಸ್ಥೆ ತನ್ನ ಸಮೀಕ್ಷೆಗಳಲ್ಲಿ ಮಾದರಿ ಮತಪತ್ರವನ್ನೂ ಪೆಟ್ಟಿಗೆಯನ್ನೂ ಬಳಸುವುದು ಇದಕ್ಕೇ: ಬಾಯಿಬಿಟ್ಟು ಹೇಳಲಾರದ್ದನ್ನು ಗುರುತು ಹಾಕಿ ಮಡಿಸಿ ಹಾಕಿಬಿಡಬಹುದು.

ಹೇಳಿದವರೆಲ್ಲ ಮತ ಹಾಕುತ್ತಾರೆಂಬ ಖಾತರಿಯೂ ಇಲ್ಲ. 2023ರಲ್ಲಿ ನಗರದ ಮೂರು ಕ್ಷೇತ್ರಗಳ ಮತದಾನ ಶೇ 60ರ ಆಸುಪಾಸಿನಲ್ಲೇ ನಿಂತರೆ ಪಕ್ಕದ ವರುಣದಲ್ಲಿ ಶೇ 80 ದಾಟಿತ್ತು. ‘ಹಾಕೇ ಹಾಕ್ತೀನಿ’ ಎಂದ ಹತ್ತು ಜನರಲ್ಲಿ ಮನೆಯಲ್ಲೇ ಉಳಿಯುವವರು ಯಾರೆಂದು ಊಹಿಸುವುದು, ಯಾರಿಗೆ ಹಾಕುತ್ತಾರೆಂದು ಊಹಿಸುವುದಕ್ಕಿಂತ ಕಠಿಣ.

ಜಾತಿಯ ಲೆಕ್ಕ ಬೇರೆಯದೇ ಗೋಜಲು. ‘ವೋಟ್ ಬ್ಯಾಂಕ್’ ಎಂಬ ಮಾತನ್ನು ಸಮಾಜಶಾಸ್ತ್ರಕ್ಕೆ ತಂದವರು ಮೈಸೂರಿನಲ್ಲೇ ಹುಟ್ಟಿದ ಎಂ.ಎನ್. ಶ್ರೀನಿವಾಸ್, ನಗರದ ಸಮೀಪದ ಹಳ್ಳಿಯೊಂದನ್ನು ಅಧ್ಯಯನ ಮಾಡಿ 1955ರಲ್ಲಿ ಬರೆದ ಲೇಖನದಲ್ಲಿ. ಅವರು ಕಂಡದ್ದು ಯಜಮಾನನೊಬ್ಬ ತನ್ನ ಹಿಡಿತದ ಮತಗಳನ್ನು ಕೂಡಿಹಾಕುವ ಬಗೆಯನ್ನು. ಇಂದು ಮಾತು ಉಳಿದಿದೆ, ಯಜಮಾನ ಉಳಿದಿಲ್ಲ. ಮತದಾರರ ಪಟ್ಟಿಯಲ್ಲಿ ಜಾತಿ ಇರುವುದಿಲ್ಲ. ಪೂರ್ಣ ಜಾತಿ ಅಂಕಿಅಂಶ ಪ್ರಕಟವಾದ ಕೊನೆಯ ಜನಗಣತಿ 1931ರದು, ಮೈಸೂರು ಇನ್ನೂ ಸಂಸ್ಥಾನವಾಗಿದ್ದ ಕಾಲದ್ದು. ಹಾಗಾಗಿ ಸಮೀಕ್ಷೆಗೆ ಸಿಕ್ಕ ಉತ್ತರಗಳನ್ನು ಒಕ್ಕಲಿಗ, ಕುರುಬ, ಲಿಂಗಾಯತ, ದಲಿತ, ಮುಸ್ಲಿಂ ಎಂದು ತೂಗಿ ಸರಿದೂಗಿಸುವಾಗ ತಕ್ಕಡಿಯ ಬಟ್ಟೇ ಅಂದಾಜಿನದು. ಎಸ್‌ಡಿಪಿಐ ಅಭ್ಯರ್ಥಿ ಪ್ರಬಲವಾಗಿ ಸ್ಪರ್ಧಿಸುತ್ತ ಬಂದಿರುವ ನರಸಿಂಹರಾಜದಲ್ಲಂತೂ ಒಂದು ಸಮುದಾಯದ ಮತ ಇಡಿಯಾಗಿ ಒಂದೇ ಕಡೆ ಎಂಬ ಲೆಕ್ಕ ನಿಲ್ಲುವುದಿಲ್ಲ.

ಸರಿಯಾದ ಸಮೀಕ್ಷೆಗಳೂ ಇವೆ. 2023ರಲ್ಲಿ ಹಲವರು ಅತಂತ್ರ ವಿಧಾನಸಭೆ ಎಂದಾಗ, 41 ಸಾವಿರಕ್ಕೂ ಹೆಚ್ಚು ಜನರನ್ನು ಮಾತನಾಡಿಸಿದ್ದ ‘ಈದಿನ’ ಸುದ್ದಿತಾಣ ಕಾಂಗ್ರೆಸ್ಸಿಗೆ 132ರಿಂದ 140 ಸ್ಥಾನ ಎಂದಿತು, ಬಂದದ್ದು 135. ಮತಗಟ್ಟೆ ಸಮೀಕ್ಷೆಯಲ್ಲಿ ಆ್ಯಕ್ಸಿಸ್ ಮೈ ಇಂಡಿಯಾ 122ರಿಂದ 140 ಎಂದಿತ್ತು. ಅದೇ ಸಂಸ್ಥೆ ಮರುವರ್ಷದ ಲೋಕಸಭಾ ಚುನಾವಣೆಯಲ್ಲಿ ದೇಶದ ಲೆಕ್ಕ ತಪ್ಪಿತು.

ಕಾನೂನಿನ ಮಾತು ಚಿಕ್ಕದು. 1951ರ ಪ್ರಜಾಪ್ರತಿನಿಧಿ ಕಾಯ್ದೆಯಂತೆ ಮತದಾನ ಮುಗಿಯುವುದಕ್ಕೆ ಮುಂಚಿನ 48 ಗಂಟೆ ಟಿ.ವಿ. ಮುಂತಾದವುಗಳಲ್ಲಿ ಸಮೀಕ್ಷೆಯ ಫಲಿತಾಂಶ ತೋರಿಸುವಂತಿಲ್ಲ. ಮತಗಟ್ಟೆ ಸಮೀಕ್ಷೆಯನ್ನು ಮತದಾನ ಮುಗಿದು ಅರ್ಧ ಗಂಟೆಯಾಗುವವರೆಗೆ ಪ್ರಕಟಿಸುವಂತಿಲ್ಲ.

ಮೈತ್ರಿಗಳು ಕೂಡುಲೆಕ್ಕವನ್ನು ಹೇಗೆ ಕೆಡಿಸುತ್ತವೆ ಎಂಬುದನ್ನು ಮೈಸೂರು–ಕೊಡಗಿನ ಎರಡು ಫಲಿತಾಂಶಗಳಲ್ಲಿ ನೋಡಬಹುದು. 2019ರಲ್ಲಿ ಜೆಡಿಎಸ್ ಕಾಂಗ್ರೆಸ್ ಜೊತೆಗಿತ್ತು. ಬಿಜೆಪಿಯ ಪ್ರತಾಪ ಸಿಂಹ 1,38,647 ಮತಗಳಿಂದ ಗೆದ್ದರು. 2024ರಲ್ಲಿ ಜೆಡಿಎಸ್ ಬಿಜೆಪಿ ಜೊತೆ ಬಂತು, ಅಭ್ಯರ್ಥಿಯೂ ಬದಲಾದರು. ಯದುವೀರ್ ಕೃಷ್ಣದತ್ತ ಚಾಮರಾಜ ಒಡೆಯರ್ 1,39,262 ಮತಗಳಿಂದ ಗೆದ್ದರು. ಇಡೀ ಒಂದು ಪಕ್ಷ ಆ ಕಡೆಯಿಂದ ಈ ಕಡೆಗೆ ಬಂದರೂ ಅಂತರ ಹಿಗ್ಗಿದ್ದು 615 ಮತ.